ಚರಗಕ್ಕೆ ಹೋದ ಉಂಗುರ

ಎಳ್ಳಮಾಸಿಯ ಮುಂಜಾನೆ ಸೇಡಂನ ತಮ್ಮ ಮನೆಯ ಅಂಗಳದಲ್ಲಿ ನಿಂತು ಸಿದ್ಧಲಿಂಗ ಮಾಸ್ತರರು ಒಂದು ಶಪಥ ಮಾಡಿದರು. ಕೇಳಿಸಿಕೊಳ್ಳಲು ಹೆಂಡತಿ ಉಮಾದೇವಿ ಒಬ್ಬಳೇ ಇದ್ದಳು. ಅವಳೂ ಪೂರ್ತಿ ಕೇಳುತ್ತಿರಲಿಲ್ಲ. ಸಜ್ಜಿ ಕಡುಬಿನ ಡಬ್ಬಿಯ ಮುಚ್ಚಳ ಕೂಡುತ್ತಿಲ್ಲವೆಂದು ಅದರ ಜೊತೆ ಗುದ್ದಾಡುತ್ತಿದ್ದಳು.

"ಈ ಸರ್ತಿ ನಾ ಚರಗ ಚೆಲ್ಲಿದ್ದು ಮುಧೋಳದ ಮಂದಿ ಮುಂದಿನ ಎಳ್ಳಮಾಸಿ ತನಕ ಮಾತಾಡ್ಬೇಕು, ನೋಡ್ತಿರು."

"ಚೆಲ್ಲೀರಂತ. ಮೊದಲು ಈ ಡಬ್ಬಿ ಮುಚ್ಚಿ ಕೊಡ್ರಿ."

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತೆಂದರೆ ಈ ಕಡೆ ಮನೆಗೆ ಬೀಗ, ಹೊಲದಲ್ಲಿ ಊಟ. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ರೊಟ್ಟಿ, ಕಡುಬು, ಸೊಪ್ಪು ಕಾಳಿನ ಭಜ್ಜಿ ಪಲ್ಯ, ಅಂಬಲಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಹೊಲದ ಸುತ್ತ ಭೂಮಿತಾಯಿಗೆ ಎರಚುತ್ತಾರೆ. ಅದೇ ಚರಗ. ಒಬ್ಬರು ಮುಂದೆ ಎರಚುತ್ತ ಹೋದರೆ, ಇನ್ನೊಬ್ಬರು ತಂಬಿಗೆ ಹಿಡಿದು ಹಿಂದೆ ನೀರು ಚಿಮುಕಿಸುತ್ತ ಹೋಗುತ್ತಾರೆ. ಊರ ಜನರೆಲ್ಲ ಭಕ್ತಿಯಿಂದ ಒಂದೊಂದೇ ಹಿಡಿ ಚೆಲ್ಲಿ ಮುಗಿಸುವ ಈ ಕೆಲಸವನ್ನು ನಮ್ಮ ಮಾಸ್ತರರು ಪಂದ್ಯವನ್ನಾಗಿ ಮಾಡಿಕೊಂಡಿದ್ದರು. ಅವರು ಹೈಸ್ಕೂಲಿನ ಪಿ.ಟಿ. ಮಾಸ್ತರರು. ಕಾಲೇಜಿನ ಕಾಲದಲ್ಲಿ ಭರ್ಜಿ ಎಸೆತದಲ್ಲಿ ಜಿಲ್ಲೆಗೇ ಎರಡನೆಯವರಾಗಿದ್ದರು. ಮೊದಲನೆಯವನಿಗೆ ಆ ದಿನ ಹಿಂದಿನಿಂದ ಗಾಳಿ ಬೀಸಿತ್ತು ಎಂಬುದು ಅವರ ಇವತ್ತಿನವರೆಗಿನ ವಾದ. ಈಗ ಎಸೆಯಲು ಭರ್ಜಿ ಸಿಗುವುದಿಲ್ಲವಾಗಿ ವರ್ಷಕ್ಕೊಮ್ಮೆ ಕಡುಬಿನ ಮೇಲೆ ಆಸೆ ತೀರಿಸಿಕೊಳ್ಳುತ್ತಿದ್ದರು.

ಸೇಡಂ ತಾಲೂಕಿನದೇ ಹಳ್ಳಿಯಾದ ಮುಧೋಳದ ತಮ್ಮ ಹೊಲದಲ್ಲಿ ಬನ್ನಿಗಿಡದ ಕೆಳಗೆ ಪೂಜೆ ಮುಗಿಯಿತು. ಮಾಸ್ತರರು ತೋಳು ಏರಿಸಿ ದೊಡ್ಡ ಬೋಗುಣಿಯಲ್ಲಿ ಕೈ ಹಾಕಿದರು. ಉಮಾದೇವಿ ಸೌಟು ಕೊಡಲು ಬಂದಳು.

"ಸೌಟಿಲೆ ಕಲಸಿದ್ರ ಭೂಮಿತಾಯಿಗಿ ರುಚಿ ಹತ್ತಂಗಿಲ್ಲ," ಎಂದು ಮೊಣಕೈ ತನಕ ಮುಳುಗಿಸಿ ಭಜ್ಜಿ, ಅಂಬಲಿ, ತುಪ್ಪ, ಕಡುಬುಗಳನ್ನು ಏಕಾಕಾರ ಮಾಡಿದರು. ಆಮೇಲೆ ಬೋಗುಣಿಯನ್ನು ಬಗಲಿಗೆ ಅವುಚಿಕೊಂಡು ಹೊರಟರು ನೋಡಿ! ಎರಡು ಹೆಜ್ಜೆ ಓಟ, ಸೊಂಟದ ತಿರುವು, ಬಲಗೈ ಆಕಾಶಕ್ಕೆ, ಕಡುಬು ಒಡ್ಡಿನ ಆಚೆಗೆ. ಹಿಂದೆ ತಂಬಿಗೆ ಹಿಡಿದು ಬರುತ್ತಿದ್ದ ಉಮಾದೇವಿಯ ಸೀರೆಗೆ ಅಂಬಲಿ, ಬನ್ನಿಗಿಡದ ಮೇಲಿದ್ದ ಗಿಣಿಗಳಿಗೆ ಭಜ್ಜಿ. ಒಡ್ಡಿನ ಆಚೆ ಪಕ್ಕದ ಹೊಲದ ಲಾಲಪ್ಪ ಹೆಗಲ ಮೇಲೆ ಬಿದ್ದ ಕಡುಬಿನ ತುಣುಕನ್ನು ತೆಗೆದು ಕಣ್ಣಿಗೊತ್ತಿಕೊಂಡ.

"ಮಾಸ್ತರ, ನಮ್ಮ ಹೊಲಕ್ಕೂ ನೀವೇ ಚೆಲ್ಲಿಬಿಟ್ರಿ. ನಂದು ಕೆಲಸ ಉಳೀತು."

ಇದಕ್ಕಿಂತ ದೊಡ್ಡ ಪದಕ ಯಾವುದಿದೆ? ಮಾಸ್ತರರ ಎದೆ ಉಬ್ಬಿತು. ತಳಕ್ಕಂಟಿದ್ದನ್ನು ಕೆರೆಯುತ್ತ ಕೂಡುವುದು ವೀರರ ಕೆಲಸವಲ್ಲವೆಂದು ಬೋಗುಣಿಯನ್ನು ಹಾಗೆಯೇ ಹೆಂಡತಿಗೆ ಕೊಟ್ಟು ಊಟಕ್ಕೆ ಕುಳಿತರು.

ಉಬ್ಬಿದ ಎದೆ ಸೇಡಂ ಬರುವ ತನಕ ಹಾಗೆಯೇ ಇತ್ತು. ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿ ಕೀಲಿ ತೆಗೆಯುವಾಗ ಬಲಗೈ ಯಾಕೋ ಹಗುರವೆನಿಸಿತು. ನೋಡಿದರೆ ಉಂಗುರದ ಬೆರಳು ಬೋಳು. ಉಂಗುರವಿದ್ದ ಕಡೆ ಒಂದು ಬಿಳಿ ಗೆರೆ ಮಾತ್ರ ಉಳಿದಿತ್ತು.

ಅದು ಅಂಥಿಂಥ ಉಂಗುರವಲ್ಲ. ಮಾವ ಮಡಿವಾಳಯ್ಯನವರು ಮದುವೆಯಲ್ಲಿ ಹಾಕಿದ್ದು. ಉಮಾದೇವಿಯ ತಾಯಿ ತೀರಿಕೊಂಡ ಮೇಲೆ ಅವರ ಕೈಯ ಬಂಗಾರದ ಪಾಟಲಿ ಬಳೆ ಕರಗಿಸಿ ಮಾಡಿಸಿದ್ದು. ಮಾವ ಸುಲೇಪೇಟದಿಂದ ಬಂದಾಗಲೆಲ್ಲ, ಚಪ್ಪಲಿ ಬಿಡುವುದಕ್ಕೂ ಮೊದಲು ಅಳಿಯನ ಬಲಗೈ ಹಿಡಿದು, ಉಂಗುರವನ್ನು ಒಂದು ಸುತ್ತು ತಿರುಗಿಸಿ, "ಅಳಿಯಂದ್ರ, ಸಡಲಾಗಿಲ್ಲ ಹೌದಲ್ಲ?" ಎಂದು ಕೇಳುವರು. ಸಂಕ್ರಾಂತಿಗೆ ಅವರು ಬರುವವರಿದ್ದರು. ಮಾವ ಏನಾದರೂ ಅಂದುಕೊಳ್ಳಲಿ, ತಡೆದುಕೊಳ್ಳಬಹುದು. ಆದರೆ ಉಮಾಗೆ ಹೇಳುವುದು ಹೇಗೆ? ಅವಳು ಬೈದರೆ ಪರವಾಗಿರಲಿಲ್ಲ. ಬೈಯದೆ, ಒಂದು ಮೂಲೆ ಹಿಡಿದು ಅವ್ವನನ್ನು ನೆನೆದು ಅತ್ತರೆ? ಅದನ್ನು ನೋಡುವ ಧೈರ್ಯ ಮಾಸ್ತರರಿಗೆ ಇರಲಿಲ್ಲ. ಧೈರ್ಯವಿಲ್ಲದ ಗಂಡಸು ಏನು ಮಾಡುತ್ತಾನೋ ಅದನ್ನೇ ಅವರೂ ಮಾಡಿದರು. ಬೆರಳಿಗೆ ಬಟ್ಟೆ ಸುತ್ತಿಕೊಂಡರು.

ಮರುದಿನ ಚಹಾ ಕೊಡುತ್ತ ಉಮಾದೇವಿ ಕೇಳಿದಳು: "ಏನಾತ್ರಿ ಬೆರಳಿಗಿ?"

"ಸ್ಕೂಟರಿನ ಬ್ರೇಕ್ ವಾಯರ್ ಚುಚ್ಚಿತು."

"ಉಂಗುರ?"

"ಬೆರಳು ಬಾತದ. ತೆಗೆದು ಕಪಾಟದಾಗ ಇಟ್ಟೀನಿ."

ಉಮಾದೇವಿ ಚಹಾದ ಬಟ್ಟಲನ್ನು ಕೊಡದೆ ಸ್ವಲ್ಪ ಹೊತ್ತು ಹಿಡಿದೇ ನಿಂತಳು. "ಕಪಾಟದಾಗ ಅದ ಅಂತೀರಿ."

"ಮತ್ತೆಲ್ಲಿ ಇರ್ತದ?"

"ಹಂಗಾದ್ರ ಛಲೋ ಆತು ಬಿಡ್ರಿ," ಎಂದು ಬಟ್ಟಲು ಇಟ್ಟು ಒಳಗೆ ಹೋದಳು. ಸಾಯಂಕಾಲ ಬಂದು ಗಾಯಕ್ಕೆ ಅರಿಷಿಣ ಹಚ್ಚುತ್ತೇನೆಂದಳು. ಮಾಸ್ತರರು ಬೆರಳನ್ನು ಬಗಲಲ್ಲಿ ಬಚ್ಚಿಟ್ಟುಕೊಂಡು, "ಡಾಕ್ಟರು ಗಾಳಿ ತಾಗಿಸಬ್ಯಾಡ ಅಂದಾರ," ಎಂದರು. ಯಾವ ಡಾಕ್ಟರು ಎಂದು ಅವಳು ಕೇಳಲಿಲ್ಲ. ಪ್ರಶ್ನೆ ಕೇಳದ ಹೆಂಡತಿಯನ್ನು ಕಂಡರೆ ಯಾವ ಗಂಡನಿಗಾದರೂ ಭಯವಾಗಬೇಕಿತ್ತು. ಮಾಸ್ತರರಿಗೆ ಸಮಾಧಾನವಾಯಿತು. ಅಷ್ಟು ದಡ್ಡರು!

ದಿನಾ ಶಾಲೆ ಬಿಟ್ಟೊಡನೆ ಮುಧೋಳಕ್ಕೆ ಓಟ ಶುರುವಾಯಿತು. ತೊಗರಿ ಕೊಯ್ದ ಹೊಲ. ಬುಡಗಳೆಲ್ಲ ಕಾಲಿಗೆ ಚುಚ್ಚುತ್ತಿದ್ದವು. ಎರೆಮಣ್ಣು ಬಿರುಕು ಬಿಟ್ಟಿತ್ತು, ಒಂದೊಂದು ಬಿರುಕಿನಲ್ಲೂ ಅಂಗೈ ಇಳಿಯುತ್ತಿತ್ತು. ಉಂಗುರ ಯಾವ ಬಿರುಕಿನಲ್ಲಿ ಇಳಿದಿದೆಯೋ ಯಾರಿಗೆ ಗೊತ್ತು? ಮಾಸ್ತರರು ತಮ್ಮ ತೋಳಿನ ಬಲ ಲೆಕ್ಕ ಹಾಕಿದರು. ಬನ್ನಿಗಿಡದ ಹತ್ತಿರ ಬೀಳಲು ತಾವೇನು ಸಾಮಾನ್ಯರೇ? ಬಿದ್ದರೆ ದೂರದ ಒಡ್ಡಿನ ಹತ್ತಿರವೇ ಬಿದ್ದಿರಬೇಕು. ಹಾಗಾಗಿ ಹತ್ತಿರದಲ್ಲಿ ಒಮ್ಮೆಯೂ ಹುಡುಕಲಿಲ್ಲ. ಕಣ್ಣಿಗೆ ಕಾಣದಾದಾಗ ಮೊಬೈಲಿನಲ್ಲಿ ಲೋಹ ಹುಡುಕುವ ಪುಕ್ಕಟೆ ಆ್ಯಪ್ ಹಾಕಿಕೊಂಡು, ಫೋನನ್ನು ನೆಲಕ್ಕೆ ಹಿಡಿದು ಬಗ್ಗಿ ನಡೆದರು. ಒಂದು ಕಡೆ ಫೋನು ಜೋರಾಗಿ ನಡುಗಿ ಕೂಗಿತು. ಮಾಸ್ತರರು ಮೊಣಕಾಲೂರಿ ಮಣ್ಣು ಕೆದರಿದರು. ಆಮೇಲೆ ನೋಡಿದರೆ ಉಮಾದೇವಿಯ ಕರೆ, ಬರುವಾಗ ಕೊತ್ತಂಬರಿ ತರಬೇಕಂತೆ.

ಆಗ ನಿರ್ಧಾರವಾಯಿತು: ಲೋಹ ಹುಡುಕುವ ಖರೇ ಯಂತ್ರವೇ ಬೇಕು.

ಮಕ್ಕಳಿಗೆ ಡ್ರಿಲ್ ಹಚ್ಚಿ ಬೇವಿನ ಗಿಡದ ನೆರಳಲ್ಲಿ ಕುಳಿತು ಮಾಸ್ತರರು ಯಂತ್ರಗಳ ವಿಡಿಯೋ ನೋಡತೊಡಗಿದರು. ಯಾವುದೋ ದೇಶದ ಸಮುದ್ರದ ದಂಡೆಯಲ್ಲಿ ಯಾವುದೋ ಅಜ್ಜ ಮರಳಿನಿಂದ ನಾಣ್ಯ ತೆಗೆಯುತ್ತಿದ್ದ. ಅಂಥ ಯಂತ್ರದ ಬೆಲೆಗೆ ಒಂದು ಜೋಡಿ ಎತ್ತು ಬರುತ್ತಿತ್ತು. ಅದಕ್ಕಿಂತ ಕೆಳಗಿನದಕ್ಕೆ ಒಂಟಿ ಎತ್ತು. ತೀರ ಕೆಳಗಿನದು ಮಕ್ಕಳ ಆಟಿಕೆ. ತೆಗೆದುಕೊಂಡವರೆಲ್ಲ ಅದರ ಕೆಳಗೆ ಬೈದು ಬರೆದಿದ್ದರು. ಮಾಸ್ತರರ ಹತ್ತಿರ ಇದ್ದದ್ದು ಸ್ಕೂಟರಿನ ಎರಡು ಟಾಯರಿಗೆಂದು ಕೂಡಿಟ್ಟ ರೊಕ್ಕ ಮಾತ್ರ. ಹಳೆ ಟಾಯರು ಸವೆದು ಅವರ ಬೆರಳಿನಷ್ಟೇ ಬೋಳಾಗಿದ್ದವು. ಇರಲಿ, ಟಾಯರು ಹೋದರೆ ಸ್ಕೂಟರ್ ನಿಲ್ಲುತ್ತದೆ, ಉಂಗುರ ಹೋದರೆ ಸಂಸಾರ ನಿಲ್ಲುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು.

ರವಿವಾರ ದಂಡಯಾತ್ರೆ ಹೊರಟಿತು. ಚಿತ್ತಾಪುರದ ಅಂಗಡಿಯವನು ಇವರನ್ನು ಕೆಳಗಿನಿಂದ ಮೇಲೆ ನೋಡಿ, "ನಿಧಿ ತೆಗೀತೀರೇನ್ರಿ?" ಎಂದು ದನಿ ತಗ್ಗಿಸಿ ಕೇಳಿದ. ಮಾಸ್ತರರು ಅಲ್ಲಿಂದ ಕಾಲು ಕಿತ್ತರು. ವಾಡಿಯಲ್ಲಿ ಒಂದು ಕಡೆ ಗೇಟಿನ ವಾಚ್‌ಮನ್‌ಗಳು ಜನರ ಮೈಮೇಲೆ ಆಡಿಸುವಂಥ ಕೈಕೋಲು ಸಿಕ್ಕಿತು. ಬೆಲೆ ಅಗ್ಗ. ಆದರೆ ಅದು ಕೂಗಬೇಕಾದರೆ ನೆಲಕ್ಕೆ ಗೇಣಿನೊಳಗೆ ಹಿಡಿಯಬೇಕು. ಪರೀಕ್ಷೆಗೆಂದು ಮಾಸ್ತರರು ಅಂಗಡಿಯ ನೆಲದ ಮೇಲೆ ಅಂಬೆಗಾಲಿಟ್ಟು ಹೋದರು. ಅಷ್ಟು ದೊಡ್ಡ ಹೊಲವನ್ನು ಹಾಗೆ ಸುತ್ತಿದರೆ ಸಂಕ್ರಾಂತಿಯಲ್ಲ, ಯುಗಾದಿ ಬರುತ್ತದೆ. ಗಿರಾಕಿಗಳು ಮೊಬೈಲ್ ತೆಗೆದು ಫೋಟೋ ಹಿಡಿಯತೊಡಗಿದ ಮೇಲೆ ಎದ್ದು ಮೊಣಕಾಲು ಝಾಡಿಸಿಕೊಂಡು ಹೊರಗೆ ಬಂದರು.

ಕಡೆಗೆ ದಾರಿ ತೋರಿದ್ದು ಶಹಾಬಾದಿನ ಗನಿಸಾಬ. ಅವನದು ಹಳೆ ಸಾಮಾನಿನ ಅಂಗಡಿ. ಮುರಿದ ಫ್ಯಾನು, ಹೊಟ್ಟೆ ಬಿರಿದ ಟಿವಿಗಳ ಹಿಂದೆ ಕೈ ಹಾಕಿ ಒಂದು ಯಂತ್ರ ಎಳೆದು ತಂದ. ಕೆಳಗೆ ತಾಟಿನಂಥ ಚಕ್ರ, ನಡುವೆ ಕೋಲು, ಮೇಲೆ ಬ್ಯಾಟರಿ ಡಬ್ಬಿ. ಹಿಡಿಕೆ ಮುರಿದಿತ್ತೆಂದು ಛತ್ರಿಯ ಹಿಡಿಕೆ ಕೂಡಿಸಿದ್ದ.

"ನಿಮ್ಮ ಬಜೆಟ್ ಎಷ್ಟದ ಮಾಸ್ತರ ಸಾಬ್?"

"ಎರಡು ಟಾಯರ್," ಎಂದುಬಿಟ್ಟರು ಮಾಸ್ತರರು. ಆಮೇಲೆ ವಿವರಿಸಿದರು.

ಗನಿಸಾಬ ಸ್ಕೂಟರಿನ ಕಡೆ ನೋಡಿ ಕನಿಕರಪಟ್ಟ. "ಒಂದೂವರಿ ಟಾಯರಿಗಿ ಒಯ್ಯಿರಿ. ಅರ್ಧ ಟಾಯರ್ ಪಂಕ್ಚರಿಗಿ ಇರ್ಲಿ."

"ಕೆಲಸ ಮಾಡ್ತದೇನು?"

"ದಪ್ಪ ದನಿ ಬಂತು ಅಂದ್ರ ಕಬ್ಬಣ. ಸಣ್ಣ ದನಿ ಬಂದ್ರ ಬಂಗಾರ, ಬೆಳ್ಳಿ, ಇಲ್ಲಾ ಜರ್ಮನ್. ಒಂದು ಮಾತು ನೆನಪಿಡ್ರಿ. ಇದು ಸುಳ್ಳು ಕೂಗಂಗಿಲ್ಲ. ಕೂಗ್ತು ಅಂದ್ರ ಅಲ್ಲಿ ಏನರ ಇದ್ದೇ ಇರ್ತದ. ಅದು ಏನು ಅಂತ ನೋಡೋದು ನಿಮ್ಮ ಕೆಲಸ." ಜರ್ಮನ್ ಎಂದರೆ ಅಡುಗೆಮನೆಯ ಅಲ್ಯುಮಿನಿಯಂ ಪಾತ್ರೆ.

ಯಂತ್ರವನ್ನು ಚಾದರದಲ್ಲಿ ಸುತ್ತಿ ಮನೆಗೆ ತಂದರು. ಬಾಗಿಲಲ್ಲೇ ಉಮಾದೇವಿ.

"ಇದೇನ್ರಿ, ಛತ್ರಿಗಿ ತಾಟು ಕೂಡಿಸ್ಕೊಂಡು ಬಂದೀರಿ?"

ಮಾಸ್ತರರ ಬಾಯಿಗೆ ಬಂದದ್ದು ಬಂತು. "ನೀರು ನೋಡೋ ಮಷೀನ್. ಹೊಲದಾಗ ಬೋರ್ ಹಾಕ್ಸಬೇಕಂತ ವಿಚಾರ ಅದ."

"ಟಾಯರ್ ರೊಕ್ಕ?"

"ನೀರು ಬಿದ್ದ ಮ್ಯಾಲ ಟಾಯರ್ ಏನು, ಕಾರೇ ತರಮು ತಗೋ."

ಉಮಾದೇವಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಹೋಗಿ ರೊಟ್ಟಿ ಬಡಿಯುತ್ತ ಕುಳಿತಳು. ಮಾಸ್ತರರಿಗೆ ಕೈ ಕಡಿಯತೊಡಗಿತು. ಯಂತ್ರದ ಗುಂಡಿ ಒತ್ತಿ ಅಡುಗೆಮನೆಗೆ ನುಗ್ಗಿದರು. ಹಂಚಿನ ಹತ್ತಿರ ಹಿಡಿದಾಗ ಅದು ಎಮ್ಮೆಯಂತೆ ದಪ್ಪ ದನಿ ತೆಗೆಯಿತು. ಕಬ್ಬಿಣ, ಸರಿ. ಇನ್ನು ಬಂಗಾರದ ಪರೀಕ್ಷೆ. ಚಕ್ರವನ್ನು ಹೆಂಡತಿಯ ಕೊರಳ ಹತ್ತಿರ ತಂದರು. ಸಣ್ಣ ದನಿ ಬಂತು, ಅಷ್ಟೇ ಅಲ್ಲ, ನಿಲ್ಲಲೊಲ್ಲದು. ಕುಂಯ್ ಕುಂಯ್ ಎಂದು ಒಂದೇ ಸಮನೆ ಕೂಗಿತು.

"ನೀರು ನೋಡೋ ಮಷೀನ್ ನನ್ನ ಕೊರಳಾಗ ಯಾಕ ಕೂಗ್ತದ್ರಿ?"

"ತಾಳಿ ಅದ ನೋಡು. ಬಂಗಾರದಾಗೂ ಒಂದೀಟು ನೀರಿನ ಅಂಶ ಇರ್ತದ."

ಉಮಾದೇವಿ ಹಿಟ್ಟಿನ ಕೈ ಎತ್ತಿ ಹಿಡಿದು ಅಲುಗಾಡದೆ ಕುಳಿತಳು. "ಭಾಳ ಕೂಗಲಿಕತ್ತದ. ಜರಾ ಛಂದಾಗಿ ನೋಡ್ರಿ."

"ನೋಡೋದೇನದ ಅದರಾಗ? ದಿನಾ ನೋಡೋ ಕೊರಳು," ಎಂದು ಮಾಸ್ತರರು ಖುಷಿಯಿಂದ ಗುಂಡಿ ಬಂದ್ ಮಾಡಿದರು. "ಮಷೀನ್ ಮಾತ್ರ ಪಕ್ಕಾ ಅದ."

ಅವರು ಹೊರಗೆ ಬಂದ ಮೇಲೆ ರೊಟ್ಟಿ ಬಡಿಯುವ ಸಪ್ಪಳ ಮೊದಲಿಗಿಂತ ಜೋರಾಯಿತು.

ಹೊಲದಲ್ಲಿ ಯಂತ್ರ ತನ್ನ ಪ್ರತಾಪ ತೋರಿಸಿತು. ಕೂಗಿದ ಕಡೆಯೆಲ್ಲ ಮಾಸ್ತರರು ಕಳೆ ಕೀಳುವ ಕುರ್ಚಿಗೆಯಿಂದ ಅಗೆದರು. ಎತ್ತಿನ ನಾಲು ಸಿಕ್ಕವು, ನೇಗಿಲಿನ ಬೋಲ್ಟು ಸಿಕ್ಕಿತು, ಅರ್ಧ ಕುಡಗೋಲು ಸಿಕ್ಕಿತು. ತಾತನ ಕಾಲದಿಂದ ಆ ಮನೆತನದವರು ಏನೇನು ಕಳೆದುಕೊಂಡಿದ್ದರೋ ಅದೆಲ್ಲ ಮೇಲೆ ಬಂತು, ಉಂಗುರ ಒಂದು ಬಿಟ್ಟು. ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಮಾಸ್ತರರಿಗೆ ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ಶಾಲೆಯಲ್ಲಿ ಅವರು ಸೀಟಿ ಊದುವುದನ್ನು ಮರೆತದ್ದರಿಂದ ಮಕ್ಕಳು ಮೈದಾನವನ್ನು ಸುತ್ತುತ್ತಲೇ ಇದ್ದರು.

ಒಂದು ಸಾಯಂಕಾಲ ಲಾಲಪ್ಪ ಒಡ್ಡು ದಾಟಿ ಬಂದ.

"ಮಾಸ್ತರ, ನಿಮ್ಮ ಮಷೀನ್ ನೀರು ತೋರಿಸ್ತದಂತ. ನಿಮ್ಮ ಮನಿಯವರು ನನ್ನ ಹೆಂಡ್ತಿ ಅಂಬಿಕಾಗ ಫೋನ್‌ದಾಗ ಹೇಳ್ಯಾರ. ನಾನೂ ಬೋರ್ ಹಾಕ್ಸೋದೇ ಅದ. ಜರಾ ನಮ್ಮ ಹೊಲದಾಗೂ ತಿರುಗಾಡ್ರಿ."

ಬೇಡವೆನ್ನಲು ಬಾಯಿ ತೆರೆದವರು ಅಲ್ಲಿಗೇ ನಿಲ್ಲಿಸಿದರು. ತಮ್ಮ ಕಡುಬು ಲಾಲಪ್ಪನ ಹೆಗಲ ಮೇಲೆಯೇ ಬಿದ್ದಿತ್ತಲ್ಲ! ಉಂಗುರವೂ ಒಡ್ಡು ದಾಟಿರಬೇಕು. ಇಷ್ಟು ದಿನ ಹೊಳೆಯಲೇ ಇಲ್ಲವಲ್ಲ ಎಂದುಕೊಂಡು ಯಂತ್ರ ಹಿಡಿದು ನಡೆದರು. ಲಾಲಪ್ಪನ ಬೇವಿನ ಗಿಡದ ಕೆಳಗೆ ಹೋಗುತ್ತಲೇ ಬಂತು ನೋಡಿ, ಸಣ್ಣ ದನಿ. ಕುಂಯ್ ಕುಂಯ್!

"ನೀರೇನ್ರಿ?" ಎಂದ ಲಾಲಪ್ಪ.

"ಇರ್ಬಹುದು. ಜರಾ ಕೆದರಿ ನೋಡಮು," ಎಂದು ಕುರ್ಚಿಗೆ ಎತ್ತಿದರು.

ಲಾಲಪ್ಪ ಅವರ ಕೈ ಹಿಡಿದ. "ಏ, ಬ್ಯಾಡ್ರಿ. ಪೂಜಾ ಮಾಡದೆ ಪಾಯಿಂಟ್ ಕೆದರಿದ್ರ ನೀರಿನ ಸೆಲಿ ಸರೀತದ. ಕೈ ಹಚ್ಚಬ್ಯಾಡ್ರಿ."

ಹಾಗೆಂದವನೇ ಒಂದು ದೊಡ್ಡ ಶಹಾಬಾದಿ ಪರಸಿ ಕಲ್ಲನ್ನು ಎಳೆದು ತಂದು ಆ ಜಾಗದ ಮೇಲೆ ಹಾಕಿದ. ಸುತ್ತ ಸುಣ್ಣದ ಗೆರೆ ಎಳೆದ, ನಿಂಬೆಹಣ್ಣಿಟ್ಟ. ಮಾಸ್ತರರಿಗೆ ಕಣ್ಣೆದುರಿಗೇ ಉಂಗುರದ ಮೇಲೆ ಗೋರಿ ಕಟ್ಟಿದಂತಾಯಿತು. ಮರುದಿನ ಲಾಲಪ್ಪ ಇರಲಿಕ್ಕಿಲ್ಲವೆಂದು ಮೆಲ್ಲಗೆ ಹೋದರೆ, ಅವನು ಪರಸಿಯ ಪಕ್ಕ ಹೊರಸು ಹಾಕಿಕೊಂಡು ಮಲಗಿದ್ದ.

"ಯಾರರ ಪಾಯಿಂಟ್ ಕೆಡಿಸ್ಯಾರು ಅಂತ ಕಾವಲು ಕುಂತೀನಿ ಮಾಸ್ತರ. ನೀವು ಫಿಕರ್ ಮಾಡಬ್ಯಾಡ್ರಿ. ಭೋಗಿ ದಿವಸ ಬೋರಿನ ಲಾರಿ ಬರ್ತದ. ನೀವೇ ಬಂದು ಕಾಯಿ ಒಡೀಬೇಕು."

ಮಾಸ್ತರರಿಗೆ ಅನ್ನ ಸೇರಲಿಲ್ಲ. ಬೋರಿನ ಹಲ್ಲು ಇಳಿದರೆ ಅತ್ತೆಯ ಪಾಟಲಿ ಪುಡಿಪುಡಿ. ಬೋರು ಬರಿದಾದರೆ ಲಾಲಪ್ಪನ ರೊಕ್ಕ ನೀರುಪಾಲು ಕೂಡ ಅಲ್ಲ, ಬರೀ ಮಣ್ಣುಪಾಲು. ಖರೆ ಹೇಳಿಬಿಡಬೇಕೆಂದು ದಿನಾ ಉಮಾದೇವಿಯ ಮುಂದೆ ಹೋಗಿ ನಿಲ್ಲುವರು. ಅವಳು ಕೆಲಸ ಬಿಟ್ಟು ಕತ್ತೆತ್ತಿ, "ಏನರ ಹೇಳೋದದೇನ್ರಿ?" ಎನ್ನುವಳು. ಇವರು, "ಉಪ್ಪು ಜರಾ ಕಮ್ಮಿ ಆಗಿತ್ತು ನೋಡು," ಎಂದು ತಿರುಗಿ ಬರುವರು.

ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು ಮುಂಜಾನೆ ಸುಲೇಪೇಟದ ಬಸ್ಸಿಳಿದು ಮಾವ ಮಡಿವಾಳಯ್ಯನವರು ಬಂದರು. ಚಪ್ಪಲಿ ಬಿಡುವ ಮೊದಲೇ ಅಳಿಯನ ಬಲಗೈ ಹಿಡಿದರು. ಕೈಗೆ ಸಿಕ್ಕಿದ್ದು ಬಟ್ಟೆಯ ಗಂಟು.

"ಏನಿದು ಅಳಿಯಂದ್ರ? ಉಂಗುರದ ಬೆರಳಿಗೇ ಬೀಳ್ಬೇಕಿತ್ತೇನು ಪೆಟ್ಟು?"

"ಬ್ರೇಕ್ ವಾಯರ್ ಮಾವ."

"ಉಂಗುರ?"

ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಉಮಾದೇವಿ, "ಕಪಾಟದಾಗ ಅದ ಅಂತಾರ ಅಪ್ಪಾ," ಎಂದಳು.

"ತಗೊಂಡು ಬರ್ರಿ, ನೋಡಮು. ಕಣ್ಣು ತುಂಬ ನೋಡಿದ್ರ ಮುದುಕಿನೇ ನೋಡಿದಂಗ ಆಗ್ತದ."

ಅಷ್ಟರಲ್ಲಿ ಲಾಲಪ್ಪನ ಫೋನು ಬಂತು. ಲಾರಿ ಬಂದು ನಿಂತಿದೆ, ಎಲ್ಲರೂ ಕಾಯುತ್ತಿದ್ದಾರೆ. ಸಾಯುವವನಿಗೆ ಸಂಜೀವಿನಿ ಸಿಕ್ಕಂತೆ ಮಾಸ್ತರರು ಯಂತ್ರ ಎತ್ತಿಕೊಂಡು ಹೊರಗೋಡಿದರು. ಹಿಂದಿನಿಂದ ಉಮಾದೇವಿಯ ದನಿ ಕೇಳಿತು: "ತಡೀರಿ, ಅಪ್ಪನೂ ನಾನೂ ಬರ್ತೀವಿ. ನೀರು ಬೀಳೋದು ನಾವೂ ನೋಡ್ಬೇಕಲ್ಲ." ಮೂವರೂ ಆಟೋದಲ್ಲಿ ಮುಧೋಳಕ್ಕೆ ಹೋದರು.

ಲಾಲಪ್ಪನ ಹೊಲದಲ್ಲಿ ಬೋರಿನ ಲಾರಿ ಕತ್ತು ಮೇಲೆತ್ತಿ ನಿಂತಿತ್ತು. ಪರಸಿಯನ್ನು ಸರಿಸಿ ಅಲ್ಲಿ ಅರಿಷಿಣ ಕುಂಕುಮ ಏರಿಸಿದ್ದರು. ಲಾಲಪ್ಪ ತಾಟಿನಲ್ಲಿ ಕಾಯಿ ಹಿಡಿದು ಬಂದ. ಹೊಸ ಅಂಗಿ ಹಾಕಿಕೊಂಡಿದ್ದ, ಪಾಪ. ಅಂಬಿಕಾ ಸುತ್ತಲಿನವರಿಗೆಲ್ಲ ಭೋಗಿಯ ರೊಟ್ಟಿ ಹಂಚುತ್ತಿದ್ದಳು. ಡ್ರೈವರು ಎಂಜಿನ್ ಚಾಲೂ ಮಾಡಿದ. ಕಬ್ಬಿಣದ ಹಲ್ಲು ನಿಧಾನವಾಗಿ ಆ ಕುಂಕುಮದ ಕಡೆ ಇಳಿಯತೊಡಗಿತು.

ಜಿಲ್ಲೆಗೆ ಎರಡನೆಯವರಾಗಿದ್ದ ಭರ್ಜಿ ಎಸೆತಗಾರರು ಆ ದಿನ ತಮ್ಮನ್ನೇ ಎಸೆದುಕೊಂಡರು. ಎರಡು ಹೆಜ್ಜೆ ಓಡಿ, ಸೊಂಟ ತಿರುಗಿಸಿ, ಕುಂಕುಮದ ಮೇಲೆ ಬೋರಲಾಗಿ ಬಿದ್ದರು.

"ನಿಲ್ಲಸ್ರಿ! ಕೆಳಗ ನಮ್ಮತ್ತಿ ಪಾಟಲಿ ಅದ!"

ಎಂಜಿನ್ ನಿಂತಿತು. ಮಾಸ್ತರರು ಎದ್ದು ಕೂತರು, ಹಣೆ ತುಂಬ ಕುಂಕುಮ. ಒಮ್ಮೆ ಬಾಯಿ ತೆರೆದ ಮೇಲೆ ಯಾವುದನ್ನೂ ಒಳಗಿಡಲು ಆಗಲಿಲ್ಲ. ಚರಗ ಎರಚಿದ್ದು, ಉಂಗುರ ಹೋಗಿದ್ದು, ಬ್ರೇಕ್ ವಾಯರು ಚುಚ್ಚದೇ ಇದ್ದದ್ದು, ಕಪಾಟು ಖಾಲಿ ಇರುವುದು, ಯಂತ್ರ ನೀರು ನೋಡುವುದಲ್ಲ, ಲೋಹ ನೋಡುವುದು ಎಂಬುದು, ಎಲ್ಲ ಹೇಳಿಬಿಟ್ಟರು.

"ಅಂದ್ರ ಇಲ್ಲಿ ನೀರಿಲ್ಲೇನ್ರಿ ಮಾಸ್ತರ?" ಲಾಲಪ್ಪನ ದನಿ ಸಣ್ಣದಾಗಿತ್ತು.

"ಗೊತ್ತಿಲ್ಲ ಲಾಲಪ್ಪ. ನನಗ ನೀರಿಂದು ಏನೂ ಗೊತ್ತಿಲ್ಲ. ನಿನ್ನ ರೊಕ್ಕ ಮಣ್ಣಾಗ ಹೋಗಬಾರದು. ತಪ್ಪಾತು."

ಲಾಲಪ್ಪ ಸಲಿಕೆ ತೆಗೆದುಕೊಂಡ. ಕುಂಕುಮದ ಜಾಗವನ್ನು ಅಗೆದ. ಮಾಸ್ತರರು ಎರಡೂ ಕೈಯಲ್ಲಿ ಮಣ್ಣು ಬಗೆದು ತೆಗೆದರು. ಏನೋ ಬೆಳ್ಳಗೆ ಹೊಳೆಯಿತು. ಎಲ್ಲರೂ ಬಗ್ಗಿದರು. ಅದು ಜರ್ಮನ್ನಿನ ಒಂದು ಸುಣ್ಣದ ಡಬ್ಬಿ.

"ಅಯ್ಯ, ನಮ್ಮಪ್ಪನ ಡಬ್ಬಿ!" ಲಾಲಪ್ಪ ಅದನ್ನು ಅಂಗಿಗೆ ಒರೆಸಿ ಎದೆಗೊತ್ತಿಕೊಂಡ. "ಅಂಬಿಕಾ, ನೋಡಲ್ಲಿ, ನೀ ಒಗದಿಲ್ಲ. ನಿನ್ನ ಮ್ಯಾಲ ವರ್ಷಾನುಗಟ್ಲೆ ಸಿಟ್ಟು ಮಾಡಿದೆ."

"ಈಗ ಗೊತ್ತಾತಲ್ಲ," ಎಂದಳು ಅಂಬಿಕಾ, ಮತ್ತೊಂದು ರೊಟ್ಟಿಯನ್ನು ಅವನ ಕೈಗೆ ತುರುಕುತ್ತ. ಲಾಲಪ್ಪನ ಸಿಟ್ಟು ಇಳಿದುಹೋಗಿತ್ತು. ಬೋರು ಬೇರೆ ಕಡೆ ನೋಡಿದರಾಯಿತೆಂದು ಡ್ರೈವರಿಗೆ ಚಹಾ ಕೊಡಿಸಿದ.

ಮಾಸ್ತರರಿಗೆ ಮಾತ್ರ ಇದ್ದದ್ದೊಂದು ಆಸೆಯೂ ಸುಣ್ಣದ ಡಬ್ಬಿಯಾಗಿತ್ತು. ಬೆರಳಿನ ಬಟ್ಟೆ ಬಿಚ್ಚಿ ಎಸೆದು ಹೆಂಡತಿಯ ಮುಂದೆ ಬಂದು ನಿಂತರು.

"ನಿಮ್ಮವ್ವನ ಬಂಗಾರ ನಾ ಕಳದೀನಿ ಉಮಾ. ನಿನಗ ಹ್ಯಾಂಗ ಹೇಳ್ಬೇಕು ತಿಳೀಲಿಲ್ಲ."

"ಈಗ ಹೇಳಿದ್ರಲ್ಲ, ಹಂಗೇ ಹೇಳ್ಬೇಕಿತ್ತು," ಎಂದಳು ಉಮಾದೇವಿ. ಅವಳ ಕಣ್ಣು ತುಂಬಿತ್ತು. ಸೆರಗಿನೊಳಗೆ ಕೈ ಹಾಕಿ ತಾಳಿಯ ಸರ ಹೊರಗೆ ತೆಗೆದಳು. ಕರಿಮಣಿಗಳ ನಡುವೆ ಅರಿಷಿಣದ ದಾರದಲ್ಲಿ ಕಟ್ಟಿದ ಉಂಗುರ ತೂಗುತ್ತಿತ್ತು.

ಮಾಸ್ತರರು ಉಂಗುರ ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ಉಂಗುರ ನೋಡಿದರು. "ಎಲ್ಲಿತ್ತು?"

"ಬೋಗುಣಿ ತಳದಾಗ. ಎಳ್ಳಮಾಸಿ ಸಂಜಿಗೆ ತಿಕ್ಕುವಾಗ ಸಿಕ್ತು. ನೀವು ಒಗದಿದ್ದು ಬರೇ ಕಡುಬು."

"ಅವತ್ತೇ ಹೇಳಬಾರದೇನು?"

"ಹೇಳಬೇಕಂತ ಚಹಾ ತಂದಿದ್ದೆ. ನೀವು ಕಪಾಟದಾಗ ಅದ ಅಂದ್ರಿ. ಇಂದು ಹೇಳ್ತಾರ, ನಾಳಿ ಹೇಳ್ತಾರ ಅಂತ ದಾರಿ ನೋಡಿದೆ. ನಮ್ಮವ್ವಂದು ಕಳೀತು ಅಂತ ನನ್ನ ಮುಂದ ಬಿಟ್ಟು ಇನ್ಯಾರ ಮುಂದ ಹೇಳವರಿದ್ರಿ? ಲಾಲಪ್ಪ ಲಾರಿ ತರ್ಸೋ ತನಕ ತಡೀತೀರಿ ಅಂತ ನನಗೂ ಗೊತ್ತಿರಲಿಲ್ಲ."

ಮಡಿವಾಳಯ್ಯನವರು ಮುಂದೆ ಬಂದು ದಾರ ಬಿಚ್ಚಿಸಿದರು. ಅಳಿಯನ ಬಲಗೈ ಹಿಡಿದು ಉಂಗುರ ತೊಡಿಸಿ ಒಂದು ಸುತ್ತು ತಿರುಗಿಸಿದರು. ಅದು ತಾನಾಗಿಯೇ ಜಾರಿ ಅವರ ಅಂಗೈಗೆ ಬಿತ್ತು.

"ಸಡಲಾಗ್ಯಾದ ಅಳಿಯಂದ್ರ," ಎಂದು ಉಂಗುರವನ್ನು ಮಗಳ ಕೈಗೆ ಕೊಟ್ಟರು. "ಇದು ಅಲ್ಲೇ ಇರ್ಲಿ."

"ಮುಂದಿನ ಎಳ್ಳಮಾಸಿಗಿ ಚರಗ ನಾ ಚೆಲ್ತೀನಿ," ಎಂದಳು ಉಮಾದೇವಿ ಅದನ್ನು ಮತ್ತೆ ದಾರಕ್ಕೆ ಕಟ್ಟುತ್ತ. "ನೀವು ತಂಬಿಗಿ ಹಿಡ್ಕೊಂಡು ಹಿಂದ ಬರ್ರಿ."

ಆಟೋದಲ್ಲಿ ತಿರುಗಿ ಹೊರಟರು. ಮಾಸ್ತರರು ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಂಡತಿಯ ಪಕ್ಕ ಮುದುಡಿ ಕುಳಿತಿದ್ದರು. ದಾರಿಯ ಒಂದು ಹಳ್ಳಕ್ಕೆ ಆಟೋ ಇಳಿದು ಎದ್ದಾಗ ಅವರ ಮೊಣಕೈ ತಾಗಿ ಗುಂಡಿ ಒತ್ತಿತು. ಕುಂಯ್ ಕುಂಯ್ ಎಂದು ಯಂತ್ರ ಉಮಾದೇವಿಯ ಕೊರಳ ಕಡೆ ಮುಖ ಮಾಡಿ ಕೂಗತೊಡಗಿತು. ಗಡಿಬಿಡಿಯಲ್ಲಿ ಮಾಸ್ತರರಿಗೆ ಬಂದ್ ಮಾಡುವ ಗುಂಡಿಯೇ ಸಿಗಲಿಲ್ಲ.

"ಇರ್ಲಿ ಬಿಡ್ರಿ, ಅದರ ಬಾಯಿ ಯಾಕ ಮುಚ್ಚಸ್ತೀರಿ," ಎಂದಳು ಉಮಾದೇವಿ. "ಟಾಯರ್ ರೊಕ್ಕಕ್ಕ ಛಲೋ ಮಷೀನೇ ತಂದೀರಿ. ಪಾಪ, ಮೊದಲನೇ ದಿನಾನೇ ಹೇಳಿತ್ತು. ನೀವು ಕೇಳಲಿಲ್ಲ."